ಮೇಲ್ ವಾಪಸ್ ಬಂತಾ? ಆ ಎರರ್ ಮೆಸೇಜಿನಲ್ಲೇ ಉತ್ತರ ಇದೆ

ತುಮಕೂರಿನ ವಸಂತನರಸಾಪುರದಲ್ಲೋ ಅಂತರಸನಹಳ್ಳಿಯಲ್ಲೋ ಒಂದು ಸಣ್ಣ ಕಾರ್ಖಾನೆಯ ಆಫೀಸು ಅಂದುಕೊಳ್ಳಿ. ತಿಂಗಳ 10ನೇ ತಾರೀಖು. ಮಾರನೇ ದಿನ ಹಿಂದಿನ ತಿಂಗಳ ಮಾರಾಟದ ಲೆಕ್ಕ, ಅಂದರೆ ಜಿಎಸ್‌ಟಿಆರ್-1 ಸಲ್ಲಿಸೋ ಕೊನೆ ದಿನ, ಬಿಲ್‌ಗಳನ್ನೆಲ್ಲ ಮೇಲ್ ಮಾಡಿ ಅಂತ ಆಡಿಟರ್ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದಾರೆ. ಅಕೌಂಟ್ಸ್ ನೋಡಿಕೊಳ್ಳುವವರು ಸೆಂಡ್ ಒತ್ತುತ್ತಾರೆ. ಎರಡು ನಿಮಿಷಕ್ಕೆ 'ಮೇಲರ್ ಡೀಮನ್' ಅನ್ನೋ ಹೆಸರಿನಿಂದ ಅರ್ಧ ಪುಟದ ಇಂಗ್ಲಿಷ್ ವಾಪಸ್ ಬರುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ. ಇನ್ನೊಮ್ಮೆ ಸೆಂಡ್ ಒತ್ತುವುದು, ಮತ್ತೊಮ್ಮೆ ಒತ್ತುವುದು, ಆಮೇಲೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುವುದು. ಆ ಅರ್ಧ ಪುಟ ಓದುವವರು ಕಮ್ಮಿ.

ಈ ತೊಂದರೆ ಈಚೆಗೆ ಜಾಸ್ತಿಯಾಗಿರುವುದಕ್ಕೆ ಕಾರಣ ಇದೆ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗುವ ಹಳೇ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಗೂಗಲ್ ಕೂಡ ಕಂಪನಿ ಖಾತೆಗಳಿಗೆ 2025ರಲ್ಲಿ ಅದೇ ಕೆಲಸ ಮಾಡಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಎಷ್ಟೋ ಆಫೀಸುಗಳು ಹೊಸ ಕಂಪ್ಯೂಟರ್ ತಂದು ಮೇಲ್ ಅನ್ನು ಮೊದಲಿಂದ ಕೂರಿಸಬೇಕಾಯಿತು. ಹತ್ತು ವರ್ಷದಿಂದ ಯಾರೂ ಮುಟ್ಟದೆ ಸುಮ್ನೆ ನಡೆಯುತ್ತಿದ್ದದ್ದು ಕೈ ಹಾಕಿದ ಕೂಡಲೇ ನಿಂತಿತು.

ಮೇಲ್ ಹೋಗುವ ದಾರಿ

ಸೆಂಡ್ ಒತ್ತಿದ ಮೇಲ್ ನೇರವಾಗಿ ಆ ಕಡೆಯವರ ಕಂಪ್ಯೂಟರಿಗೆ ಹೋಗುವುದಿಲ್ಲ. ಮೊದಲು ನಿಮ್ಮ ಕಂಪ್ಯೂಟರಿನ ಮೇಲ್ ತಂತ್ರಾಂಶದಿಂದ, ಅಂದರೆ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಿಂದ, ನಿಮ್ಮ ಮೇಲ್ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅಂದರೆ ದಿನದ 24 ಗಂಟೆಯೂ ಚಾಲೂ ಇದ್ದು ಮೇಲ್ ತೆಗೆದುಕೊಳ್ಳುವ, ಮುಂದಕ್ಕೆ ಕೊಡುವ ಕಂಪ್ಯೂಟರ್. ಅದು ಗೂಗಲ್‌ದಿರಬಹುದು, ಮೈಕ್ರೋಸಾಫ್ಟ್‌ದಿರಬಹುದು, ಜೋಹೋದ್ದಿರಬಹುದು, ಇಲ್ಲಾ ನಿಮ್ಮ ವೆಬ್‌ಸೈಟ್ ಮಾಡಿಕೊಟ್ಟವರು ಹೋಸ್ಟಿಂಗ್ (ವೆಬ್‌ಸೈಟ್ ಇಡಲು ಬಾಡಿಗೆ ಜಾಗ) ತೆಗೆದುಕೊಂಡ ಕಂಪನಿಯದ್ದಿರಬಹುದು. ಅಲ್ಲಿಂದ ಆ ಕಡೆಯವರ ಸರ್ವರ್‌ಗೆ. ಅದು ಒಪ್ಪಿಕೊಂಡರೆ ಅವರ ಇನ್‌ಬಾಕ್ಸ್‌ಗೆ.

ಅಂಚೆಯ ಹಾಗೇ. ಚಿಕ್ಕನಾಯಕನಹಳ್ಳಿಯಲ್ಲಿ ಡಬ್ಬಿಗೆ ಹಾಕಿದ ಕಾಗದ ಇಲ್ಲಿನ ಅಂಚೆ ಕಚೇರಿ, ಮುಳಬಾಗಿಲಿನ ಅಂಚೆ ಕಚೇರಿ, ಅಲ್ಲಿನ ಪೋಸ್ಟ್‌ಮ್ಯಾನ್ ಹೀಗೆ ಕೈ ಬದಲಿಸುತ್ತಾ ಹೋಗುತ್ತದೆ. ಆ ವಿಳಾಸದಲ್ಲಿ ಅವರಿಲ್ಲದಿದ್ದರೆ ಪೋಸ್ಟ್‌ಮ್ಯಾನ್ ಕವರಿನ ಮೇಲೆ ಕಾರಣ ಬರೆದು ವಾಪಸ್ ಕಳಿಸುತ್ತಾರೆ. ಮೇಲರ್ ಡೀಮನ್ ಕಳಿಸಿದ್ದು ಅದೇ ಷರಾ. ಅದನ್ನು ಮನುಷ್ಯರು ಬರೆದಿರುವುದಿಲ್ಲ, ಹಾಗಾಗಿ ಅದಕ್ಕೆ ಉತ್ತರ ಬರೆದು ಪ್ರಯೋಜನವೂ ಇಲ್ಲ.

ಮೇಲ್ ಕಳಿಸುವ ನಿಯಮಕ್ಕೆ ಎಸ್‌ಎಂಟಿಪಿ ಅಂತ ಹೆಸರು, 1982ರಿಂದ ಇದೆ. ಬಂದ ಮೇಲ್ ತೆಗೆದು ನೋಡುವುದಕ್ಕೆ ಎರಡು ನಿಯಮ: ಐಮ್ಯಾಪ್ ಮತ್ತು ಪಾಪ್. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಫೋನಲ್ಲೂ ಕಂಪ್ಯೂಟರಲ್ಲೂ ಒಂದೇ ಕಾಣುತ್ತದೆ. ಪಾಪ್‌ನಲ್ಲಿ ಮೇಲ್ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ. ಕಳಿಸುವುದು ಬೇರೆ ದಾರಿ, ತೆಗೆದುಕೊಳ್ಳುವುದು ಬೇರೆ ದಾರಿ. ಅದಕ್ಕೇ ಎಷ್ಟೋ ಸಲ 'ಬರುವ ಮೇಲ್ ಎಲ್ಲಾ ಬರ್ತಿದೆ, ಹೋಗೋದು ಮಾತ್ರ ಹೋಗ್ತಿಲ್ಲ' ಅನ್ನುವ ಸ್ಥಿತಿ ಬರುವುದು.

ಮೊದಲು ನೋಡಬೇಕಾದ್ದು: ಹೇಳುತ್ತಿರುವುದು ಯಾರು?

ಎರರ್ ನೋಡಿದ ಕೂಡಲೇ 'ಏನಾಯ್ತು' ಅಂತ ಕೇಳುವುದಕ್ಕಿಂತ 'ಯಾರು ಹೇಳುತ್ತಿದ್ದಾರೆ' ಅಂತ ಕೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಔಟ್‌ಲುಕ್‌ನಲ್ಲಿ ಚಿಕ್ಕ ಕಿಟಕಿ ತೆರೆದು ಎರರ್ ಬಂತು, ಮೇಲ್ ಇನ್ನೂ ಔಟ್‌ಬಾಕ್ಸ್‌ನಲ್ಲೇ ಕೂತಿದೆ ಅಂದರೆ ಅದು ನಿಮ್ಮ ಆಫೀಸು ಬಿಟ್ಟೇ ಇಲ್ಲ. ತೊಂದರೆ ನಿಮ್ಮ ಕಂಪ್ಯೂಟರ್, ನಿಮ್ಮ ನೆಟ್ ಅಥವಾ ನಿಮ್ಮ ಸರ್ವರ್ ಹತ್ತಿರ ಇದೆ. ಆ ಕಡೆಯವರಿಗೆ ಫೋನ್ ಮಾಡಿ 'ನಿಮ್ಮ ಮೇಲ್ ಐಡಿ ಸರಿ ಇದೆಯಾ' ಅಂತ ಕೇಳಿ ಲಾಭವಿಲ್ಲ.

ಮೇಲ್ ಸೆಂಟ್ ಐಟಮ್ಸ್‌ಗೆ ಹೋಗಿ, ಸ್ವಲ್ಪ ಹೊತ್ತಿಗೆ ಒಂದು ಮೇಲ್ ರೂಪದಲ್ಲೇ ಎರರ್ ಬಂತು ಅಂದರೆ ಅದು ನಿಮ್ಮ ಕಂಪ್ಯೂಟರನ್ನು ದಾಟಿದೆ. ನಿಮ್ಮ ಔಟ್‌ಲುಕ್ ಸರಿಯಾಗಿದೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಜಿಮೇಲ್‌ನ ವಾಪಸ್ ಮೇಲ್‌ನಲ್ಲಿ 'ದಿ ರೆಸ್ಪಾನ್ಸ್ ಫ್ರಮ್ ದಿ ರಿಮೋಟ್ ಸರ್ವರ್ ವಾಸ್' ಅಂತ ಒಂದು ಸಾಲು ಇರುತ್ತದೆ. ಆ ಸಾಲಿನ ಕೆಳಗೆ ಇರುವುದು ಆ ಕಡೆಯ ಸರ್ವರ್ ಹೇಳಿದ ಮಾತು. ನಿಜವಾದ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಮೇಲಿನ ದೊಡ್ಡ ಅಕ್ಷರದಲ್ಲಿ ಅಲ್ಲ.

ನಾಲ್ಕಾ, ಐದಾ?

ಆ ಮಾತಿನಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 421, 452, 550, 552 ಹೀಗೆ. ಮೊದಲ ಅಂಕಿ ಗಮನಿಸಿ. 4 ಇದ್ದರೆ 'ಈಗ ಆಗಲ್ಲ, ಆಮೇಲೆ ಬಾ' ಅಂತ. 5 ಇದ್ದರೆ 'ಆಗಲ್ಲ' ಅಂತ, ಅಷ್ಟೇ.

4 ಬಂದರೆ ನೀವೇನೂ ಮಾಡಬೇಕಿಲ್ಲ. ಸರ್ವರ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೆಲವು ಒಂದು ದಿನ ನೋಡುತ್ತವೆ, ಕೆಲವು ಮೂರ್ನಾಲ್ಕು ದಿನ. 'ಡಿಲಿವರಿ ಡಿಲೇಡ್' ಅಂತ ಬರುವುದು ಇದಕ್ಕೇ. ಅದು ಸೋತ ಸುದ್ದಿಯಲ್ಲ, ತಡವಾಗುತ್ತಿದೆ ಅನ್ನುವ ಸುದ್ದಿ. ಇದನ್ನು ತಪ್ಪು ತಿಳಿದು ಅದೇ ಕೊಟೇಶನ್ ಐದು ಸಲ ಕಳಿಸಿದರೆ, ದಾರಿ ಬಿಟ್ಟ ಮೇಲೆ ಐದೂ ಒಟ್ಟಿಗೆ ಹೋಗಿ ಬೀಳುತ್ತವೆ. ತುರ್ತಿದ್ದರೆ ಬಿಲ್ ಅನ್ನು ವಾಟ್ಸಾಪ್ ಮಾಡಿ, ಮೇಲ್ ಅದರ ಪಾಡಿಗೆ ಹೋಗಲಿ.

5 ಬಂದರೆ ಇನ್ನೊಮ್ಮೆ ಕಳಿಸಿದರೂ ಅದೇ ಉತ್ತರ. ಏನಾದರೂ ಬದಲಿಸಲೇಬೇಕು. ಏನು ಬದಲಿಸಬೇಕು ಅನ್ನುವುದನ್ನು ಅದರ ಪಕ್ಕದ ಇನ್ನೊಂದು ಸಂಖ್ಯೆ ಹೇಳುತ್ತದೆ, ಚುಕ್ಕಿಗಳಿರುವ ಸಂಖ್ಯೆ. 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ. 5.2.2 ಇದ್ದರೆ ಅವರ ಡಬ್ಬಿ ತುಂಬಿದೆ. 5.3.4 ಇದ್ದರೆ ಮೇಲ್ ತುಂಬ ದೊಡ್ಡದು. 5.7 ಅಂತ ಶುರುವಾದರೆ ಅನುಮತಿಯ ಅಥವಾ ಭದ್ರತೆಯ ತಕರಾರು.

5.1.1ರಲ್ಲಿ ಸಾಮಾನ್ಯವಾಗಿ ನಡೆದಿರುವುದು ಅಕ್ಷರ ತಪ್ಪು. ಜಿಮೇಲ್ ಅನ್ನುವಲ್ಲಿ ಎರಡು ಅಕ್ಷರ ಅದಲು ಬದಲು, ಡಾಟ್ ಕಾಮ್ ಇರಬೇಕಾದಲ್ಲಿ ಡಾಟ್ ಇನ್, ಕೊನೆಯಲ್ಲಿ ಒಂದು ಅಲ್ಪವಿರಾಮ ಅಂಟಿಕೊಂಡಿರುವುದು. ಇನ್ನೊಂದು ಇದೆ, ಅದು ಸ್ವಲ್ಪ ಕಾಡುತ್ತದೆ. ಔಟ್‌ಲುಕ್‌ನಲ್ಲಿ ಎರಡಕ್ಷರ ಟೈಪ್ ಮಾಡಿದರೆ ಸಾಕು, ಹಳೇ ವಿಳಾಸ ತಾನೇ ತುಂಬಿಕೊಳ್ಳುತ್ತದೆ. ಆ ಕಂಪನಿಯ ಪರ್ಚೇಸ್ ಮ್ಯಾನೇಜರ್ ಕೆಲಸ ಬಿಟ್ಟು ಹೋಗಿ ಅವರ ಐಡಿ ತೆಗೆದುಹಾಕಿದ್ದರೂ ನಿಮ್ಮ ಔಟ್‌ಲುಕ್‌ಗೆ ಅದು ಗೊತ್ತಿಲ್ಲ. ಹೆಸರು ಪಟ್ಟಿಯಲ್ಲಿ ಬಂದಾಗ ಅದರ ಪಕ್ಕದ ಇಂಟು ಗುರುತು ಒತ್ತಿ ಅಳಿಸಿ, ಹೊಸ ವಿಳಾಸವನ್ನು ಪೂರ್ತಿ ಟೈಪ್ ಮಾಡಿ.

'ಡೊಮೇನ್ ನಾಟ್ ಫೌಂಡ್' ಅಂದರೆ ವ್ಯಕ್ತಿಯಲ್ಲ, ಅಟ್ ಗುರುತಿನ ಆಚೆಗಿನ ಹೆಸರೇ ಸಿಗುತ್ತಿಲ್ಲ ಅಂತ. ಒಂದೋ ಆ ಹೆಸರನ್ನು ತಪ್ಪಾಗಿ ಟೈಪ್ ಮಾಡಿದ್ದೀರಿ, ಇಲ್ಲಾ ಆ ಕಂಪನಿಯವರು ವರ್ಷದ ಡೊಮೇನ್ ಹಣ ಕಟ್ಟುವುದು ಮರೆತಿದ್ದಾರೆ. ಎರಡನೆಯದಾದರೆ ಅವರಿಗೆ ಫೋನ್ ಮಾಡಿ ತಿಳಿಸಿ. ಅವರಿಗೆ ಯಾರಿಂದಲೂ ಮೇಲ್ ಬರುತ್ತಿರುವುದಿಲ್ಲ, ಹಾಗಾಗಿ ವಿಷಯ ಗೊತ್ತಿರಲಿಕ್ಕಿಲ್ಲ.

ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುತ್ತಿಲ್ಲ

ಜನ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಬ್ರೌಸರಿನಲ್ಲಿ ಅದೇ ಪಾಸ್‌ವರ್ಡ್ ಹಾಕಿದರೆ ಜಿಮೇಲ್ ತೆರೆಯುತ್ತದೆ. ಔಟ್‌ಲುಕ್‌ನಲ್ಲಿ ಹಾಕಿದರೆ ಮತ್ತೆ ಮತ್ತೆ ಪಾಸ್‌ವರ್ಡ್ ಕೇಳುವ ಕಿಟಕಿ. ಟ್ಯಾಲಿಯಿಂದ ನೇರವಾಗಿ ಇನ್‌ವಾಯ್ಸ್ ಮೇಲ್ ಮಾಡಲು ಹೋದರೂ ಅಷ್ಟೇ, ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಜೆರಾಕ್ಸ್ ಮಷಿನ್ನಿನಲ್ಲೂ ಅಷ್ಟೇ. 'ಯೂಸರ್‌ನೇಮ್ ಆಂಡ್ ಪಾಸ್‌ವರ್ಡ್ ನಾಟ್ ಆಕ್ಸೆಪ್ಟೆಡ್', ಜೊತೆಗೆ 535 ಅನ್ನೋ ಸಂಖ್ಯೆ.

ಪಾಸ್‌ವರ್ಡ್ ತಪ್ಪಿಲ್ಲ. ಅದನ್ನು ಕೊಡುವ ದಾರಿ ಮುಚ್ಚಿದೆ.

ಮೊದಲೆಲ್ಲ ಯಾವ ಸಾಫ್ಟ್‌ವೇರ್ ಆದರೂ ನಿಮ್ಮ ಪಾಸ್‌ವರ್ಡ್ ಇಟ್ಟುಕೊಂಡು ಪ್ರತಿ ಸಲ ಸರ್ವರ್‌ಗೆ ತೋರಿಸುತ್ತಿತ್ತು. ಅಂಥ ಒಂದು ಕಡೆಯಿಂದ ಪಾಸ್‌ವರ್ಡ್ ಕದ್ದರೆ ಪೂರ್ತಿ ಖಾತೆ ಕದ್ದಂತೆ. ಈಗಿನ ಪದ್ಧತಿಯಲ್ಲಿ ಔಟ್‌ಲುಕ್ ನಿಮ್ಮನ್ನು ಗೂಗಲ್‌ನ ಅಥವಾ ಮೈಕ್ರೋಸಾಫ್ಟ್‌ನ ಪುಟಕ್ಕೇ ಕರೆದುಕೊಂಡು ಹೋಗುತ್ತದೆ, ಲಾಗಿನ್ ಅಲ್ಲೇ ಆಗುತ್ತದೆ, ಫೋನಿಗೆ ಬರುವ ಒಪ್ಪಿಗೆಯೂ ಅಲ್ಲೇ. ಔಟ್‌ಲುಕ್ ಕೈಗೆ ಸಿಗುವುದು ಒಂದು ಅನುಮತಿ ಚೀಟಿ ಮಾತ್ರ, ಪಾಸ್‌ವರ್ಡ್ ಅಲ್ಲ. ಔಟ್‌ಲುಕ್ 2010ರಂಥ ಹಳೇ ಆವೃತ್ತಿಗೆ ಈ ವ್ಯವಹಾರವೇ ಗೊತ್ತಿಲ್ಲ. ನೀವು ಎಷ್ಟು ಸಲ ಸರಿಯಾಗಿ ಟೈಪ್ ಮಾಡಿದರೂ ಅದು ಮುಚ್ಚಿದ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಗೂಗಲ್ ಖಾತೆಯಾದರೆ ಒಂದು ಉಪಾಯ ಉಂಟು. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದರೆ 'ಆಪ್ ಪಾಸ್‌ವರ್ಡ್' ತೆಗೆದುಕೊಳ್ಳಬಹುದು. ಅದು ಗೂಗಲ್ಲೇ ಮಾಡಿಕೊಡುವ 16 ಅಕ್ಷರದ ಬೇರೆ ಪಾಸ್‌ವರ್ಡ್. ಟ್ಯಾಲಿಗೆ ಒಂದು, ಸ್ಕ್ಯಾನರ್‌ಗೆ ಒಂದು, ಹೀಗೆ ಬೇರೆ ಬೇರೆ ತೆಗೆದುಕೊಳ್ಳಿ. ನಾಳೆ ಸ್ಕ್ಯಾನರ್ ಮಾರಿದರೆ ಅದರದ್ದೊಂದನ್ನೇ ರದ್ದು ಮಾಡಬಹುದು. ಮೈಕ್ರೋಸಾಫ್ಟ್ ಖಾತೆಯಾದರೆ ಈ ದಾರಿ ನೆಚ್ಚಿಕೊಳ್ಳಬೇಡಿ, ಹೊಸ ಪದ್ಧತಿ ಗೊತ್ತಿರುವ ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ಬಳಸಿ.

ಚೆನ್ನಾಗಿ ನಡೆಯುತ್ತಿದ್ದ ಆಪ್ ಪಾಸ್‌ವರ್ಡ್ ಒಂದು ದಿನ ಇದ್ದಕ್ಕಿದ್ದಂತೆ ಕೈಕೊಟ್ಟರೆ, ಆಫೀಸಿನಲ್ಲಿ ಎಲ್ಲರನ್ನೂ ವಿಚಾರಿಸಿ: ಖಾತೆಯ ಮುಖ್ಯ ಪಾಸ್‌ವರ್ಡನ್ನು ಯಾರಾದರೂ ಬದಲಿಸಿದರಾ? ಅದು ಬದಲಾದ ಕೂಡಲೇ ಹಳೇ ಆಪ್ ಪಾಸ್‌ವರ್ಡ್‌ಗಳನ್ನು ಗೂಗಲ್ ರದ್ದು ಮಾಡುತ್ತದೆ. ಮಾಲೀಕರು ಭಾನುವಾರ ಮನೆಯಲ್ಲಿ ಫೋನಿನಿಂದ ಪಾಸ್‌ವರ್ಡ್ ಬದಲಿಸಿರುತ್ತಾರೆ, ಸೋಮವಾರ ಆಫೀಸಿನ ಪ್ರಿಂಟರ್ ಮೇಲ್ ಕಳಿಸುವುದಿಲ್ಲ, ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಡಬ್ಬಿ ತುಂಬಿದೆ

ಗೂಗಲ್‌ನ ಉಚಿತ ಖಾತೆಗೆ ಸಿಗುವುದು 15 ಜಿಬಿ ಜಾಗ. ಅದು ಬರೀ ಮೇಲ್‌ಗಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದರಲ್ಲೇ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಮೊದಲು ಲೆಕ್ಕಕ್ಕೆ ಬರುತ್ತಿರಲಿಲ್ಲ, 2024ರಿಂದ ಅದೂ ಬರುತ್ತದೆ. ನಮ್ಮ ಕಡೆ ಎಷ್ಟೋ ಅಂಗಡಿ, ಮಿಲ್ಲು, ವರ್ಕ್‌ಶಾಪುಗಳ ಆಫೀಸ್ ಐಡಿ ಮಾಲೀಕರ ಫೋನಿನ ಜಿಮೇಲೇ ಆಗಿರುತ್ತದೆ, ಅಲ್ವಾ? ಅವರ ಮಗಳ ಮದುವೆ ಫೋಟೋ, ದೇವರಾಯನದುರ್ಗಕ್ಕೆ ಹೋದ ವಿಡಿಯೋ, ವಾಟ್ಸಾಪ್ ಗ್ರೂಪಿನ ಶುಭೋದಯಗಳು, ಎಲ್ಲಾ ಸೇರಿ ಜಾಗ ತುಂಬುತ್ತವೆ. ನಿಲ್ಲುವುದು ಆಫೀಸಿನ ಮೇಲ್. ಜಾಗ ಪೂರ್ತಿ ಮುಗಿದರೆ ಕಳಿಸಲೂ ಆಗುವುದಿಲ್ಲ, ಬರುವುದೂ ಇಲ್ಲ.

ಕಳಿಸಿದವರಿಗೆ 4.2.2 ಅಥವಾ 5.2.2 ಅಂತ ವಾಪಸ್ ಹೋಗುತ್ತಿರುತ್ತದೆ, ನಿಮಗೆ ತಿಳಿಯುವುದಿಲ್ಲ. ಖಾತೆಯ ಸ್ಟೋರೇಜ್ ಪುಟ ತೆರೆದರೆ ಯಾವುದು ಎಷ್ಟು ತಿಂದಿದೆ ಅಂತ ತೋರಿಸುತ್ತದೆ, ದೊಡ್ಡ ಫೈಲುಗಳನ್ನು ಮೊದಲು ತೆಗೆಯಿರಿ. ಅಳಿಸಿದ ಮೇಲ್ ಟ್ರ್ಯಾಶ್‌ನಲ್ಲಿ 30 ದಿನ ಕೂತಿರುತ್ತದೆ, ಅಷ್ಟು ದಿನವೂ ಜಾಗ ಹಿಡಿದೇ ಇರುತ್ತದೆ. ಟ್ರ್ಯಾಶ್ ಕೂಡ ಖಾಲಿ ಮಾಡಿದರೆ ಮಾತ್ರ ಬಿಡುಗಡೆ.

ಔಟ್‌ಲುಕ್‌ನಲ್ಲಿ ಇನ್ನೊಂದು ಬಗೆಯ ತುಂಬುವಿಕೆ ಇದೆ. ಅದು ಮೇಲ್‌ಗಳನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಒಂದೇ ದೊಡ್ಡ ಫೈಲ್‌ನಲ್ಲಿ ಇಡುತ್ತದೆ. ಔಟ್‌ಲುಕ್ 2010ರಿಂದ ಈಚೆಗೆ ಅದರ ಮಿತಿ 50 ಜಿಬಿ. ಸರ್ವರ್‌ನಲ್ಲಿ ಜಾಗ ಇದ್ದರೂ ಈ ಫೈಲ್ ತುಂಬಿದರೆ ಎರರ್ ಬರುತ್ತದೆ. ಆಗ ಹಳೇ ವರ್ಷಗಳ ಮೇಲನ್ನು ಬೇರೆ ಫೈಲ್‌ಗೆ ಆರ್ಕೈವ್ ಮಾಡಬೇಕು.

20 ಎಂಬಿ ಫೈಲ್ 25 ಎಂಬಿ ಮಿತಿಯಲ್ಲಿ ಯಾಕೆ ಹೋಗುವುದಿಲ್ಲ?

ಇದು ನ್ಯಾಯವಾದ ಪ್ರಶ್ನೆ. ಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಫೋಟೋ, ಪಿಡಿಎಫ್, ಡ್ರಾಯಿಂಗ್ ಕಳಿಸಬೇಕಾದರೆ ಅವನ್ನೂ ಅಕ್ಷರಗಳಾಗಿ ಬದಲಿಸಿಯೇ ಕಳಿಸಬೇಕು. ಹಾಗೆ ಬದಲಿಸುವಾಗ ಪ್ರತಿ ಮೂರು ಬೈಟ್‌ಗೆ ನಾಲ್ಕು ಅಕ್ಷರ ಬೇಕಾಗುತ್ತದೆ. ಅಂದರೆ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ. 20 ಎಂಬಿ ಫೈಲ್ ದಾರಿಯಲ್ಲಿ ಸುಮಾರು 27 ಎಂಬಿ ಆಗಿರುತ್ತದೆ. ಆ ಕಡೆಯ ಸರ್ವರ್ 25 ಎಂಬಿಗೆ ಗೆರೆ ಎಳೆದಿದ್ದರೆ 552 ಅಂತ ವಾಪಸ್.

ಜಿಮೇಲ್‌ನಿಂದ 25 ಎಂಬಿವರೆಗೆ ಅಟ್ಯಾಚ್ ಮಾಡಬಹುದು, ಅದಕ್ಕಿಂತ ದೊಡ್ಡದಾದರೆ ಅದೇ ಡ್ರೈವ್ ಲಿಂಕ್ ಮಾಡುತ್ತದೆ. ಔಟ್‌ಲುಕ್ ತಂತ್ರಾಂಶ ಇಂಟರ್ನೆಟ್ ಮೇಲ್ ಖಾತೆಗಳಿಗೆ ಸಾಮಾನ್ಯವಾಗಿ 20 ಎಂಬಿಗೇ ನಿಲ್ಲಿಸುತ್ತದೆ. ಆ ಕಡೆಯ ಕಂಪನಿ 10 ಎಂಬಿ ಮಿತಿ ಇಟ್ಟುಕೊಂಡಿರಲೂಬಹುದು, ಅದು ಅವರಿಷ್ಟ. ಬಿಲ್ಲುಗಳನ್ನು 600 ಡಿಪಿಐ ಕಲರ್‌ನಲ್ಲಿ ಸ್ಕ್ಯಾನ್ ಮಾಡುವ ಅಭ್ಯಾಸ ಬಿಟ್ಟರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಓದುವುದಕ್ಕೆ 200 ಡಿಪಿಐ ಕಪ್ಪು ಬಿಳುಪು ಧಾರಾಳ ಸಾಕು.

ಗಾತ್ರ ಚಿಕ್ಕದಿದ್ದರೂ ಕೆಲವು ಬಗೆಯ ಫೈಲ್ ಹೋಗುವುದಿಲ್ಲ. ಪ್ರೋಗ್ರಾಮ್ ಓಡಿಸುವ ಫೈಲುಗಳನ್ನು ಜಿಮೇಲ್ ತಡೆಯುತ್ತದೆ, ಜಿಪ್ ಒಳಗೆ ಇಟ್ಟರೂ ತಡೆಯುತ್ತದೆ. ವೈರಸ್ ಬರುವ ದಾರಿ ಅದೇ ಆದ್ದರಿಂದ ಇದಕ್ಕೆ ಬೇಸರ ಮಾಡಿಕೊಳ್ಳಬಾರದು.

ಸರ್ವರ್ ಸಿಗುತ್ತಿಲ್ಲ, ಸರ್ಟಿಫಿಕೇಟ್ ಸರಿಯಿಲ್ಲ

ಔಟ್‌ಲುಕ್‌ನಲ್ಲಿ ಸೊನ್ನೆ, ಎಕ್ಸ್, 800 ಅಂತ ಶುರುವಾಗುವ ಉದ್ದದ ಕೋಡ್‌ಗಳು ಬರುತ್ತವೆ. ನೋಡಲು ಭಯ ಹುಟ್ಟಿಸುತ್ತವೆ, ಆದರೆ ಮೇಲ್ ಕಳಿಸುವಾಗ ಬರುವವು ಹೆಚ್ಚಾಗಿ ಹೇಳುವುದು ಒಂದೇ: ಸರ್ವರ್ ಜೊತೆ ಮಾತಾಡಲು ಆಗಲಿಲ್ಲ. ಮೊದಲು ಸೆಂಡ್ ರಿಸೀವ್ ಟ್ಯಾಬ್‌ನಲ್ಲಿ 'ವರ್ಕ್ ಆಫ್‌ಲೈನ್' ಒತ್ತಿಹೋಗಿದೆಯಾ ನೋಡಿ. ಗೊತ್ತಿಲ್ಲದೆ ಒತ್ತಿರುವುದು ಎಷ್ಟೋ ಸಲ. ಅದಲ್ಲದಿದ್ದರೆ ಆಫೀಸಿನ ನೆಟ್ ತೆಗೆದು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಕಳಿಸಿ ನೋಡಿ. ಹೋಯಿತು ಅಂದರೆ ಔಟ್‌ಲುಕ್ ಸರಿ ಇದೆ, ಆಫೀಸಿನ ನೆಟ್ ಅಥವಾ ಫೈರ್‌ವಾಲ್ (ನೆಟ್‌ಗೆ ಹಾಕಿದ ಕಾವಲು) ತಡೆಯುತ್ತಿದೆ. ಹಳೇ ಸೆಟ್ಟಿಂಗ್‌ನಲ್ಲಿ ಕಳಿಸುವ ಪೋರ್ಟ್ (ಸರ್ವರ್‌ನ ಬಾಗಿಲಿನ ಸಂಖ್ಯೆ) 25 ಅಂತ ಇದ್ದರೆ ಅದೂ ಕಾರಣವಿರಬಹುದು. ಸ್ಪ್ಯಾಮ್ ತಡೆಯಲು ಎಷ್ಟೋ ನೆಟ್ ಕಂಪನಿಗಳು 25ನ್ನು ಮುಚ್ಚಿರುತ್ತವೆ. 587 ಅಥವಾ 465 ಹಾಕಿ.

ಸರ್ಟಿಫಿಕೇಟ್ ಅಂದರೆ ಸರ್ವರ್‌ನ ಗುರುತಿನ ಚೀಟಿ. ಅದಕ್ಕೆ ಶುರುವಿನ ದಿನಾಂಕ, ಮುಗಿಯುವ ದಿನಾಂಕ ಎರಡೂ ಇರುತ್ತವೆ. ಈಗ ನಿಮ್ಮ ಕಂಪ್ಯೂಟರಿನ ಮೂಲೆಯ ಗಡಿಯಾರ ನೋಡಿ. ಹಳೇ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಅಂಗಡಿಯಲ್ಲಿ ಸಿಆರ್2032 ಅಂತ ಕೇಳಿದರೆ ಕೊಡುತ್ತಾರೆ. ಅದು ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟೇ ಇಲ್ಲ! ಮೇಲ್ ಜೊತೆ ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ ಎಲ್ಲವೂ ಒಟ್ಟಿಗೆ ತಕರಾರು ಮಾಡಿದರೆ ಬ್ಯಾಟರಿಯನ್ನೇ ಮೊದಲು ಅನುಮಾನಿಸಿ. ಗಡಿಯಾರ ಸರಿ ಇದ್ದು ಮೇಲ್ ಮಾತ್ರ ತಕರಾರು ಮಾಡಿದರೆ ಚೀಟಿಯ ಅವಧಿ ನಿಜವಾಗಿಯೂ ಮುಗಿದಿರಬಹುದು ಅಥವಾ ಸರ್ವರ್ ಹೆಸರು ತಪ್ಪಿರಬಹುದು, ಹೋಸ್ಟಿಂಗ್‌ನವರನ್ನು ಕೇಳಬೇಕು. ದಿನಾ 'ಯೆಸ್' ಒತ್ತಿ ಮುಂದೆ ಹೋಗುವುದು ಒಳ್ಳೆಯದಲ್ಲ. ನಿಜವಾಗಿಯೂ ಯಾರಾದರೂ ನಡುವೆ ನುಗ್ಗಿದ ದಿನವೂ ಕೈ ತಾನಾಗಿ ಯೆಸ್ ಒತ್ತಿಬಿಡುತ್ತದೆ.

ಸ್ವಂತ ಹೆಸರಿನ ಮೇಲ್ ಇದ್ದವರಿಗೆ 5.7.26

ಕಂಪನಿ ಹೆಸರಿನಲ್ಲೇ ಮೇಲ್ ಐಡಿ ಮಾಡಿಸಿಕೊಂಡವರು ಈ ಎರರ್ ನೋಡಿರುತ್ತಾರೆ. ಜಿಮೇಲ್‌ನವರಿಗೆ ಕಳಿಸಿದ್ದು ಮಾತ್ರ ವಾಪಸ್ ಬರುತ್ತದೆ. ಜಿಮೇಲ್ ಹೇಳುತ್ತಿರುವುದು ಇಷ್ಟೇ: ಇದು ನಿಜವಾಗಿಯೂ ನಿಮ್ಮ ಕಂಪನಿಯಿಂದ ಬಂದದ್ದು ಅನ್ನುವುದಕ್ಕೆ ಪುರಾವೆ ಇಲ್ಲ. 'ಫ್ರಮ್' ಜಾಗದಲ್ಲಿ ಯಾರು ಯಾರ ಹೆಸರು ಬೇಕಾದರೂ ಬರೆಯಬಹುದು, ಮೇಲ್‌ನ ಹಳೇ ದೌರ್ಬಲ್ಯ ಅದು. ಅದಕ್ಕೆ ಎರಡು ಬಗೆಯ ಪುರಾವೆ ಮಾಡಿದ್ದಾರೆ. ಎಸ್‌ಪಿಎಫ್ ಅಂದರೆ ನಮ್ಮ ಪರವಾಗಿ ಇಂಥಿಂಥ ಸರ್ವರ್‌ಗಳು ಮಾತ್ರ ಮೇಲ್ ಕಳಿಸಬಹುದು ಅಂತ ಡೊಮೇನ್‌ನಲ್ಲಿ ಬಹಿರಂಗವಾಗಿ ಬರೆದಿಡುವ ಪಟ್ಟಿ. ಡಿಕಿಮ್ ಅಂದರೆ ಪ್ರತಿ ಮೇಲ್‌ಗೆ ಸರ್ವರ್ ಹಾಕುವ ಸಹಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರೆಲ್ಲರಿಗೂ ಇವೆರಡರಲ್ಲಿ ಒಂದಾದರೂ ಇರಲೇಬೇಕು, ದಿನಕ್ಕೆ 5000ಕ್ಕೂ ಹೆಚ್ಚು ಕಳಿಸುವವರಿಗೆ ಎರಡೂ ಬೇಕು.

ಇದನ್ನು ಔಟ್‌ಲುಕ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ. ಡೊಮೇನ್‌ನ ಸೆಟ್ಟಿಂಗ್ ಯಾರ ಕೈಯಲ್ಲಿದೆಯೋ ಅವರೇ ಮಾಡಬೇಕು. ಸಾಮಾನ್ಯವಾಗಿ ನಡೆದಿರುವುದು ಹೀಗೆ: ಮೇಲನ್ನು ಹಳೇ ಹೋಸ್ಟಿಂಗ್‌ನಿಂದ ಗೂಗಲ್‌ಗೋ ಜೋಹೋಗೋ ಬದಲಿಸಿದ್ದಾರೆ, ಪಟ್ಟಿ ಬದಲಿಸಿಲ್ಲ. ಇಲ್ಲಾ ಹಳೇ ಎಸ್‌ಪಿಎಫ್ ಬಿಟ್ಟು ಪಕ್ಕಕ್ಕೆ ಇನ್ನೊಂದು ಸೇರಿಸಿದ್ದಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು, ಎರಡಿದ್ದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಕಳಿಸದ ಮೇಲ್ ವಾಪಸ್ ಬಂದರೆ

ನೀವು ಕಳಿಸೇ ಇಲ್ಲದ ಮೇಲ್‌ಗಳು ರಾಶಿ ರಾಶಿ ವಾಪಸ್ ಬರುತ್ತಿದ್ದರೆ ಸೆಂಟ್ ಐಟಮ್ಸ್ ನೋಡಿ, ಆಮೇಲೆ ಖಾತೆಗೆ ಎಲ್ಲೆಲ್ಲಿಂದ ಲಾಗಿನ್ ಆಗಿದೆ ಅನ್ನುವ ಪಟ್ಟಿಯನ್ನೂ ನೋಡಿ. ಎರಡರಲ್ಲೂ ಗೊತ್ತಿಲ್ಲದ್ದೇನೂ ಇಲ್ಲದಿದ್ದರೆ, ಹೆಚ್ಚಾಗಿ ಯಾರೋ ನಿಮ್ಮ ವಿಳಾಸ ಬರೆದುಕೊಂಡು ಬೇರೆ ಕಡೆಯಿಂದ ಕಳಿಸುತ್ತಿದ್ದಾರೆ. ಅಲ್ಲಿ ಅಪರಿಚಿತ ಮೇಲ್ ಇದ್ದರೆ ಖಾತೆಗೇ ನುಗ್ಗಿದ್ದಾರೆ. ಕೂಡಲೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ಮತ್ತು ರೂಲ್ಸ್ ತೆರೆದು ನೋಡುವುದನ್ನು ಬಿಡಬೇಡಿ. ನುಗ್ಗಿದವರು ನಿಮ್ಮ ಮೇಲ್‌ಗಳ ಒಂದು ಪ್ರತಿ ತಮಗೆ ಬರುವ ಹಾಗೆ ಅಲ್ಲಿ ಏರ್ಪಾಡು ಮಾಡಿಟ್ಟಿರುತ್ತಾರೆ, ಪಾಸ್‌ವರ್ಡ್ ಬದಲಿಸಿದರೂ ಅದು ನಡೆಯುತ್ತಲೇ ಇರುತ್ತದೆ. ಆಮೇಲೆ ಗಿರಾಕಿಗೆ ನಿಮ್ಮ ಹೆಸರಿನಲ್ಲೇ 'ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ' ಅಂತ ಇನ್‌ವಾಯ್ಸ್ ಹೋಗುತ್ತದೆ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಎರರ್ ವೇಷದಲ್ಲೇ ಬರುವ ಮೋಸವೂ ಇದೆ. 'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯಲ್ಲಿ ಇಲ್ಲಿ ಒತ್ತಿ' ಅಂತ. ನಿಜವಾದ ಬೌನ್ಸ್, ಅಂದರೆ ವಾಪಸ್ ಬರುವ ಎರರ್ ಮೇಲ್, ಕಾರಣ ಹೇಳುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಅನುಮಾನ ಬಂದರೆ ಆ ಲಿಂಕ್ ಬಿಟ್ಟು, ಬ್ರೌಸರಿನಲ್ಲಿ ನೀವೇ ಖಾತೆ ತೆರೆದು ಜಾಗ ಎಷ್ಟಿದೆ ನೋಡಿ.

ಕಂಪ್ಯೂಟರ್‌ನವರಿಗೆ ಫೋನ್ ಮಾಡುವಾಗ

'ಮೇಲ್ ಹೋಗ್ತಿಲ್ಲ' ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಗಾಡಿ ಹತ್ತಿ ಬರಲೇಬೇಕಾಗುತ್ತದೆ. ವಾಪಸ್ ಬಂದ ಮೇಲನ್ನು ಪೂರ್ತಿ ಅವರಿಗೆ ಫಾರ್ವರ್ಡ್ ಮಾಡಿ, ಚಿಕ್ಕ ಕಿಟಕಿಯಾದರೆ ಮುಚ್ಚುವ ಮೊದಲು ಫೋಟೋ ತೆಗೆಯಿರಿ. ಎಲ್ಲರಿಗೂ ಹೋಗುತ್ತಿಲ್ಲವೋ ಒಬ್ಬರಿಗೆ ಮಾತ್ರವೋ, ಒಂದೇ ಕಂಪ್ಯೂಟರಿನಲ್ಲೋ ಆಫೀಸಿಗೆಲ್ಲವೋ, ಬ್ರೌಸರಿನಿಂದ ಹೋಗುತ್ತದೋ ಇಲ್ಲವೋ, ಯಾವಾಗಿನಿಂದ, ಅದಕ್ಕೆ ಮುಂಚೆ ಏನಾದರೂ ಬದಲಿಸಿದಿರಾ, ಇಷ್ಟು ಹೇಳಿ. ಇಷ್ಟು ತಿಳಿದರೆ ಎಷ್ಟೋ ತೊಂದರೆಗಳನ್ನು ಅವರು ಫೋನಿನಲ್ಲೇ ಬಗೆಹರಿಸಬಲ್ಲರು.